ಊರ ಪಕ್ಕ ಫ್ಯಾಕ್ಟರಿಗೆ ಪಬ್ಲಿಕ್ ಹಿಯರಿಂಗ್ ಇಟ್ಟಿದಾರೆ, ಬಹಿಷ್ಕಾರ ಹಾಕೋದಾ, ಹೋಗಿ ಗಲಾಟೆ ಮಾಡೋದಾ?

ನಾವು ಬಹಿಷ್ಕಾರ ಹಾಕಿದ್ದೋರು, ಅದಕ್ಕೇ ಬರೀತಿದೀನಿ.

ನಮ್ಮಲ್ಲಿ ಬಂದಿದ್ದು ಸ್ಪಾಂಜ್ ಐರನ್ ಫ್ಯಾಕ್ಟರಿ. ನಾನೇ ಮೈಕ್ ಹಿಡ್ಕೊಂಡು ಹೇಳ್ದೆ, ಯಾರೂ ಹೋಗ್ಬೇಡಿ, ಜನಾನೇ ಇಲ್ದಿದ್ರೆ ಸಭೆ ಹೆಂಗೆ ನಡೆಯತ್ತೆ, ಮುಂದಕ್ಕೆ ಹಾಕ್ಲೇಬೇಕು ಅಂತ. ಪಂಚಾಯ್ತೀಲಿ ಕೋರಂ ಇಲ್ಲ ಅಂದ್ರೆ ಮುಂದೂಡ್ತಾರಲ್ಲ, ಅದೇ ಲೆಕ್ಕ ತಲೇಲಿ. ಎಲ್ರೂ ಚಪ್ಪಾಳೆ ಹೊಡೆದ್ರು.

ಇದಕ್ಕೆ ಕೋರಂ ಅನ್ನೋದೇ ಇಲ್ಲ ಕಣ್ರೀ! 2006ರ ಇಐಎ (ಯೋಜನೆಯಿಂದ ಪರಿಸರಕ್ಕೆ ಏನಾಗತ್ತೆ ಅನ್ನೋ ಅಧ್ಯಯನ) ಅಧಿಸೂಚನೇಲಿ ಈ ಸಭೆ ಹೆಂಗೆ ನಡೆಸ್ಬೇಕು ಅಂತ ಒಂದು ಅನುಬಂಧಾನೇ ಇದೆ, ಅದ್ರಲ್ಲಿ ಸಭೆ ಶುರು ಮಾಡೋಕೆ ಕೋರಂ ಬೇಕಿಲ್ಲ ಅಂತ ನೇರವಾಗೇ ಬರೆದಿದೆ, ನಾನು ಅದನ್ನ ಓದಿರ್ಲಿಲ್ಲ, ಓದ್ಬೇಕು ಅಂತಾನೂ ಅನ್ನಿಸಿರ್ಲಿಲ್ಲ. ನಾವು ರೋಡಲ್ಲಿ ನಿಂತು ಘೋಷಣೆ ಕೂಗ್ತಿದ್ರೆ, ಶಾಮಿಯಾನದೊಳಗೆ ಕೆಲಸ ಸಿಗತ್ತೆ ಅಂತ ನಂಬ್ಕೊಂಡಿದ್ದ ಹುಡುಗರು ಒಬ್ಬೊಬ್ಬರಾಗಿ ಎದ್ದು ಫ್ಯಾಕ್ಟರಿ ಬೇಕು ಅಂದು ಕೂತ್ರು. ಅವರ ಮೇಲೆ ನಂಗೆ ಸಿಟ್ಟಿಲ್ಲ, ಬಂದು ಮಾತಾಡಿದ್ರು ಅಷ್ಟೇ. ಸಭೇನ ವಿಡಿಯೋ ಮಾಡ್ಬೇಕು ಅನ್ನೋದೂ ನಿಯಮಾನೇ, ಆದ್ರೆ ಕ್ಯಾಮೆರಾ ಇರೋದು ಶಾಮಿಯಾನದೊಳಗೆ. ಆಮೇಲೆ ನಡಾವಳಿ ನೋಡಿದ್ರೆ ವಿರೋಧ ಅಂತ ಒಂದು ಸಾಲೂ ಇಲ್ಲ.

ಇದು ಯಾಕೆ ಅಷ್ಟು ದೊಡ್ಡ ಹೊಡೆತ ಅಂದ್ರೆ, ಸಭೇಲಿ ದಾಖಲಾದ ಆಕ್ಷೇಪಣೆಗೆ ಕಂಪನಿ ಅಂತಿಮ ಇಐಎ ವರದೀಲಿ ಉತ್ತರ ಕೊಡ್ಬೇಕು, ಫ್ಯಾಕ್ಟರಿಗೆ ಅನುಮತಿ ಕೊಡ್ಬಹುದಾ ಅಂತ ನೋಡೋ ತಜ್ಞರ ಸಮಿತಿ ಮುಂದೆ ಹೋಗೋದು ಅದೇ ಕಾಗದ. ನಾವು ಪ್ರಶ್ನೇನೇ ಕೇಳಿಲ್ಲ, ಅವರು ಯಾವುದಕ್ಕೆ ಉತ್ತರ ಕೊಡ್ತಾರೆ?

ಇಐಎ ವರದಿ ನಾನು ಓದಿದ್ದು ಎಲ್ಲಾ ಮುಗಿದ್ಮೇಲೆ. ನೀರಿನ ಸ್ಯಾಂಪಲ್ ತೆಗೆದಿದ್ದು ಬೇಸಿಗೇಲಿ. ನಮ್ಮ ಕೆರೆಗೆ ನೀರು ತರೋ ಹಳ್ಳ ಆ ಟೈಮಲ್ಲಿ ಒಣಗಿ ಬರೀ ಮರಳು, ಅವರ ನಕ್ಷೇಲಿ ಆ ಹಳ್ಳ ಇಲ್ವೇ ಇಲ್ಲ. ಗ್ರಾಮ ನಕಾಶೇಲಿ ಮಾತ್ರ ಸರ್ವೆ ನಂಬರ್ ಮಧ್ಯೆ ಚೆನ್ನಾಗಿ ಎಳೆದಿದೆ. ಆ ಎರಡು ನಕ್ಷೆ ಪಕ್ಕಪಕ್ಕ ಇಟ್ಟು ಡಿಸಿ ಎದುರಿಗೆ ಒಬ್ಬ ತೋರಿಸಿದ್ರೆ ಸಾಕಿತ್ತು, ನಾವು ಊರಿಗೂರೇ ರೋಡಲ್ಲಿ ನಿಂತಿದ್ವಿ.

ಹಂಗಾಗಿ ನೀವು ಹೇಳಿರೋ ಎರಡೂ ಬೇಡ. ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ಕರಡು ಇಐಎ ವರದಿ ಡಿಸಿ ಆಫೀಸಲ್ಲಿ, ಜಿಲ್ಲಾ ಪಂಚಾಯ್ತೀಲಿ ಓದೋಕೆ ಸಿಗತ್ತೆ, ಸಾರಾಂಶ ಕನ್ನಡದಲ್ಲೂ ಇರತ್ತೆ. ಸಾರಾಂಶ ನಂಬ್ಕೊಂಡು ಕೂರ್ಬೇಡಿ, ಅದ್ರಲ್ಲಿ ಎಲ್ಲಾ ಚಂದಾನೇ ಇರತ್ತೆ. ಇಂಗ್ಲಿಷ್ ಬರೋ ಹುಡುಗರನ್ನ ಕೂರಿಸಿ ನೀರಿನ ಅಧ್ಯಾಯ ಪೂರ್ತಿ ಓದ್ಸಿ, ಪುಟದ ನಂಬರ್ ಹಾಕಿ ಆಕ್ಷೇಪಣೆ ಬರೀರಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೊದಲೇ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳಿ. ಸಭೇಲೂ ಅದನ್ನೇ ಓದಿ. ಕೊನೇಲಿ ನಡಾವಳಿ ಸಾರಾಂಶಾನ ಕನ್ನಡದಲ್ಲಿ ಓದಿ ಹೇಳ್ಬೇಕು, ಅಲ್ಲೀವರೆಗೂ ಯಾರೂ ಎದ್ದು ಹೋಗ್ಬೇಡಿ, ನಿಮ್ಮ ಮಾತು ಬಿಟ್ಟಿದ್ರೆ ಅಲ್ಲೇ ಎದ್ದು ಕೇಳಿ.

ಇದೆಲ್ಲಾ ನಾಟಕ ಅನ್ನೋರು ನಿಮ್ಮೂರಲ್ಲೂ ಇರ್ತಾರೆ. ನಾಟಕಾನೇ ಇರ್ಲಿ, ಫ್ಯಾಕ್ಟರಿಗೆ ಪರಿಸರ ಅನುಮತಿ (ಕ್ಲಿಯರೆನ್ಸ್) ಕೊಟ್ರೆ ಮುಂದೆ ಪರಿಸರದ ಕೇಸು ನೋಡೋ, ಚೆನ್ನೈಲಿರೋ ಹಸಿರು ನ್ಯಾಯಪೀಠಕ್ಕೆ (ಎನ್‌ಜಿಟಿ) ಹೋಗ್ಬೇಕಾಗತ್ತೆ, ಮೇಲ್ಮನವಿಗೆ ಇರೋದು 30 ದಿನ, ಸರಿಯಾದ ಕಾರಣ ಇದ್ರೆ ಮಾತ್ರ ಇನ್ನೂ 60. ಆವಾಗ ವಕೀಲರು ಮೊದಲು ಕೇಳೋದೇ ಸೀಲ್ ಬಿದ್ದಿರೋ ಆ ಆಕ್ಷೇಪಣೆ ಕಾಪಿ.

ನಿಮ್ಮ ನೋಟಿಸ್ ಪೇಪರಲ್ಲಿ ಯಾವ ತಾರೀಖಿಗೆ ಬಂತು ಅಂತ ಬರ್ದಿಲ್ಲ. ಸಭೆಗೆ 30 ದಿನಕ್ಕಿಂತ ಕಮ್ಮಿ ಇದ್ರೆ ಮೊದಲು ಅದರ ಮೇಲೇ ಆಕ್ಷೇಪಣೆ ಹಾಕಿ.