ಶುಹದಾ ಸದಾಕತ್ ಹೆಸರಲ್ಲಿ ಹಾಡು ಸಿಗದಿದ್ದರೆ

ಐರ್ಲೆಂಡಿನ ಗಾಯಕಿ ಶುಹದಾ ಸದಾಕತ್ ಅಂತ ಹುಡುಕಿದರೆ ಆಲ್ಬಂ ಸಿಗುತ್ತಿಲ್ಲ ಅಂದಿರಿ. ಬಹುಶಃ ಹೆಸರಿನದೇ ತೊಡಕು. 2018ರಲ್ಲಿ ಇಸ್ಲಾಂಗೆ ಸೇರಿದ ಮೇಲೆ ಅವರು ಇಟ್ಟುಕೊಂಡ ಹೆಸರು ಅದು. ಆಲ್ಬಂಗಳು ಇರುವುದು ಹಳೇ ಹೆಸರಲ್ಲೇ, ಶಿನೇಡ್ ಓಕಾನರ್. ಉಚ್ಚಾರ ‘ಶಿ’ ಆದರೂ ಇಂಗ್ಲಿಷ್‌ನಲ್ಲಿ ಎಸ್ ಆದಮೇಲೆ ಎಚ್ ಬರುವುದಿಲ್ಲ, ನೋಡಿಕೊಂಡು ಹಾಕಿ.

ಮೊದಲು 1987ರ ‘ದ ಲಯನ್ ಅಂಡ್ ದ ಕೋಬ್ರಾ’ ಕೇಳಿ. ಆಮೇಲೆ 1990ರ ಆಲ್ಬಂ. ‘ನಥಿಂಗ್ ಕಂಪೇರ್ಸ್ ಟು ಯು’ ಇರುವುದು ಅದರಲ್ಲಿ (ಬರೆದಿದ್ದು ಅಮೆರಿಕದ ಗಾಯಕ ಪ್ರಿನ್ಸ್). ಅವರು ಪೋಪ್ ಫೋಟೊ ಹರಿದ ವಿಡಿಯೊ ಬೇಕಿದ್ದರೆ ಅಮೆರಿಕದ ಟಿವಿ ಕಾರ್ಯಕ್ರಮ ‘ಸ್ಯಾಟರ್ಡೇ ನೈಟ್ ಲೈವ್’ ಹೆಸರಿನ ಜೊತೆ 1992 ಸೇರಿಸಿ ಹುಡುಕಿ. ಸುಮ್ನೆ ಗದ್ದಲಕ್ಕೆ ಮಾಡಿದ್ದಲ್ಲ ಅದು, ಚರ್ಚ್‌ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧ. ಅವರದೇ ಮಾತಲ್ಲಿ ಬೇಕು ಅಂದರೆ 2021ರ ಆತ್ಮಕಥೆ ‘ರಿಮೆಂಬರಿಂಗ್ಸ್’ ಓದಿ.