ಅಜ್ಜನ 1967ರ ಫಿಯಟ್ ಪೇಂಟ್ ಪೂರ್ತಿ ಮಾಸಿದೆ, ಹೊಸ ಪೇಂಟ್ ಹೊಡಿಸೋದಾ ಇಲ್ಲ ಹಾಗೇ ಬಿಡೋದಾ? ಯಾವುದಕ್ಕೆ ಬೆಲೆ ಜಾಸ್ತಿ?

ನಿಮ್ಮ ಪ್ರಶ್ನೆ ಓದಿ ಹೊಟ್ಟೆಲಿ ಒಂಥರಾ ಆಯ್ತು. ಇದೇ ಪ್ರಶ್ನೆನ ನಾನು 2014ರಲ್ಲಿ ಯಾರನ್ನಾದ್ರೂ ಕೇಳ್ಬೇಕಿತ್ತು, ಕೇಳ್ಲಿಲ್ಲ. ನಿಮ್ದು 1967ರ ಫಿಯಟ್ ಡಿಲೈಟ್ ಮಾಡೆಲ್ಲು, ನಮ್ದು ಅದೇ, 1966ರದ್ದು. ಪೇಂಟ್ ಮುಟ್ಟಿದ್ರೆ ಕೈಗೆ ಸುಣ್ಣದ ಪುಡಿ ತರ ಹತ್ತುತ್ತೆ ಅಂತ ಬರ್ದಿದೀರಲ್ಲ, ನಮ್ದೂ ಅಚ್ಚು ಹಾಗೇ ಇತ್ತು.

ಅಪ್ಪ ಹಾಸನದಲ್ಲಿ ಡಾಕ್ಟ್ರಾಗಿದ್ರು. ಆಗ ಬಾಂಬೆಯ ಕುರ್ಲಾ ಫ್ಯಾಕ್ಟ್ರಿಯಿಂದ ಬರೋ ಫಿಯಟ್‌ಗೆ ಬುಕ್ ಮಾಡಿ ವರ್ಷಗಟ್ಲೆ ಕಾಯ್ಬೇಕಿತ್ತಂತೆ. ತಿಳಿ ನೀಲಿ ಬಣ್ಣ, 1089 ಸಿಸಿ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಆಗಿನ ಮೈಸೂರು ರಾಜ್ಯದ ಎಂವೈ ಸೀರೀಸ್ ನಂಬರ್ರು. ಅಪರಾತ್ರಿಲಿ ಹೆರಿಗೆ ಕೇಸ್ ಅಂತ ಯಾರಾದ್ರೂ ಬಂದು ಬಾಗ್ಲು ಬಡಿದ್ರೆ ಆಲೂರು ಸಕಲೇಶಪುರದ ಕಡೆ ಹಳ್ಳಿಗಳಿಗೆ ಅದರಲ್ಲೇ ಹೋಗೋರು. ಅವರು ಯಾವಾಗ್ಲೂ ಗಾಜು ಇಳಿಸಿ ಬಲ ಮೊಣಕೈ ಬಾಗ್ಲ ಮೇಲೆ ಊರ್ಕೊಂಡೇ ಓಡ್ಸೋದು. ಮೂವತ್ತು ವರ್ಷ ಆ ಮೊಣಕೈ ಉಜ್ಜಿ ಉಜ್ಜಿ ಅಲ್ಲಿ ನೀಲಿ ಸವೆದು ಬೂದು ಪ್ರೈಮರ್ ಕಾಣ್ತಿತ್ತು, ಅದರ ನಡುವೆ ಹುಣಸೆ ಬೀಜದಷ್ಟು ಜಾಗದಲ್ಲಿ ಬರೀ ತಗಡು, ಬೆಳ್ಳಿ ಲೋಟದ ಅಂಚಿನ ಹಾಗೆ ನುಣ್ಣಗೆ.

ಅಣ್ಣನ ಮಗಳ ಮದ್ವೆ ಬಂತು, ಹುಡುಗ ಹುಡುಗಿನ ಅಜ್ಜನ ಕಾರಲ್ಲೇ ಕರ್ಕೊಂಡು ಬರೋಣ ಅಂತ ಆಸೆ. ಗ್ಯಾರೇಜಿಗೆ ತಗೊಂಡ್ಹೋಗಿ ನಾನು ಹೇಳಿದ್ದು ಒಂದೇ ಮಾತು, "ಎಲ್ಲಾ ತೆಗ್ದು ಹೊಸದು ಮಾಡ್ಬಿಡಿ."

ತಪ್ಪು ಆಗಿದ್ದು ಈ ಮಾತಲ್ಲೇ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಹೇಳೋಕೆ ಹೊರಟಿದೀರ ಅನ್ಸುತ್ತೆ. ಮಾಸಿದೆ ಅಂದ್ರೆ ಸತ್ತಿದೆ ಅಂತ ತಿಳ್ಕೊಂಡ್ಬಿಟ್ಟೆ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತೆ, ಅದು ಸಿಪ್ಪೆ ಎದ್ರೆ ಮತ್ತೆ ಹೊಡಿಸ್ಲೇಬೇಕು. ಆ ಕಾಲದ ಪೇಂಟಲ್ಲಿ ಅದಿಲ್ಲ, ಬಣ್ಣನೇ ಮೇಲಿನ ಪದರ. ಬಿಸ್ಲು ಗಾಳಿಗೆ ಒಣಗಿ ಪುಡಿ ಆಗೋದು ಮೇಲಿನ ತೆಳು ಪೊರೆ ಮಾತ್ರ, ಕೆಳಗಡೆ ಬಣ್ಣ ಇನ್ನೂ ಜೀವಂತ ಇರುತ್ತೆ. ಇದು ಗೊತ್ತಾಗೋಕೆ ಅಂಗೈ ಅಗಲ ಜಾಗದಲ್ಲಿ ಹತ್ತು ನಿಮಿಷ ಪಾಲಿಶ್ ಹಾಕಿ ನೋಡಿದ್ರೆ ಸಾಕಿತ್ತು, ನಾನು ಅದನ್ನೂ ಮಾಡ್ಲಿಲ್ಲ, ಒಂದು ನೆಟ್ಟಗಿನ ಫೋಟೋ ಕೂಡ ತೆಗೀಲಿಲ್ಲ. ಅವರು ಪೇಂಟ್ ರಿಮೂವರ್ ಹಚ್ಚಿ ಬಾಗ್ಲು, ಬಾನೆಟ್ಟು, ಡಿಕ್ಕಿ ಒಳಗಡೆ ಸಮೇತ ತಗಡಿನ ತನಕ ಕೆರೆದ್ರು. ಬರೀ ತಗಡಾದ್ಮೇಲೆ ಸಣ್ಣ ಸಣ್ಣ ಏರಿಳಿತ ಎಲ್ಲಾ ಎದ್ದು ಕಾಣೋಕೆ ಶುರು, ಅದನ್ನ ಮುಚ್ಚೋಕೆ ಮೈಯೆಲ್ಲಾ ಪುಟ್ಟಿ, ಅದರ ಮೇಲೆ ಪ್ರೈಮರ್, ಅದರ ಮೇಲೆ ಕಣ್ಣಂದಾಜಲ್ಲಿ ಕಲಸಿದ ನೀಲಿ, ಮೇಲೆ ಕ್ಲಿಯರ್ ಕೋಟ್. ಎರಡು ತಿಂಗ್ಳು, 1.8 ಲಕ್ಷ. ಗ್ಯಾರೇಜಿನವರದ್ದು ತಪ್ಪಿಲ್ಲ, ನಾನು ಹೇಳಿದ್ದನ್ನೇ ಮಾಡಿದ್ರು.

ಕಾರು ಮನೆಗೆ ಬಂದಾಗ ಎಲ್ರೂ ಹೊಗಳಿದ್ರು. ಅಮ್ಮ ನಿಧಾನಕ್ಕೆ ಬಂದು ಡ್ರೈವರ್ ಬಾಗ್ಲ ಮೇಲೆ ಕೈ ಇಟ್ಟು ಆ ಕಡೆ ಈ ಕಡೆ ಸವರಿ, "ಇಲ್ಲೇ ಇತ್ತಲ್ಲೋ" ಅಂದ್ರು. ನಂಗೆ ಆಗ ಹೊಳೀತು.

ಮದ್ವೆ ಆಗಿ ಒಂದು ತಿಂಗ್ಳಿಗೆ ಗ್ಯಾರೇಜಿಂದ ವಾಪಸ್ ಬಂದ ಹಳೇ ಸ್ಕ್ರೂ ಡಬ್ಬದಲ್ಲಿ ಒಂದು ತಗಡಿನ ಚೂರು ಸಿಕ್ತು, ಬಾಡಿ ಬಣ್ಣದ್ದೇ, ಅದೊಂದು ಅವರ ಕೈ ತಪ್ಪಿ ಉಳಿದಿತ್ತು. ಸುಮ್ನೆ ಪಾಲಿಶ್ ಹಾಕಿ ಹಳೇ ಬನಿಯನ್ ಬಟ್ಟೇಲಿ ಉಜ್ಜಿದೆ. ಬಟ್ಟೆ ನೀಲಿ ಆಯ್ತು, ಕೆಳಗಡೆಯಿಂದ ಆಳವಾದ ಮೃದು ಹೊಳಪು ಬಂತು. ಹೊಸ ಪೇಂಟಿನ ಪಕ್ಕ ಹಿಡಿದ್ರೆ ಬಣ್ಣನೇ ಬೇರೆ. ಇಡೀ ಕಾರು ಹೀಗೆ ಎದ್ದು ಬರ್ತಿತ್ತು. ನಾಲ್ಕು ಮಳೆಗಾಲಕ್ಕೆ ಚಕ್ರದ ಮೇಲ್ಗಡೆ ಪುಟ್ಟಿ ಒಳಗೆ ನೀರು ಸೇರಿ ಗುಳ್ಳೆನೂ ಎದ್ವು.

ಅದಕ್ಕೇ ನಿಮ್ಮ "ಹೊಸದು ಮಾಡೋದಾ, ಹಾಗೇ ಬಿಡೋದಾ" ಅನ್ನೋದನ್ನೇ ನಾನು ಒಪ್ಪಲ್ಲ. ಶೆಡ್ಡಲ್ಲಿ ಹಾಗೇ ಬಿಟ್ರೆ ತುಕ್ಕು ತಿಂದು ಹಾಕುತ್ತೆ, ಅದು ಉಳಿಸಿಕೊಳ್ಳೋದಲ್ಲ. ಉಳಿಸಿಕೊಳ್ಳೋದೇ ಒಂದು ದೊಡ್ಡ ಕೆಲ್ಸ. ಮೆತ್ತಗಿನ ಶಾಂಪೂಲಿ ತೊಳೀರಿ, ಗ್ಲೇಜ್ ಅಂತ ಎಣ್ಣೆ ಅಂಶ ಇರೋ ಕ್ರೀಮ್ ಹಚ್ಚಿ ಒಂದು ರಾತ್ರಿ ಬಿಡಿ, ಒಣಗಿದ ಪೇಂಟ್ ಅದನ್ನ ಹೀರ್ಕೊಳ್ಳುತ್ತೆ, ಆಮೇಲೆ ಕೈಯಲ್ಲೇ ಪಾಲಿಶ್, ಕೊನೆಗೆ ವ್ಯಾಕ್ಸ್. ಬಫಿಂಗ್ ಮಿಷನ್ ಹತ್ರ ಬಿಡ್ಬೇಡಿ, ಅಂಚುಗಳಲ್ಲಿ ಪೇಂಟ್ ತೆಳು, ಒಂದೇ ಸಲಕ್ಕೆ ತಗಡು ಕಾಣುತ್ತೆ. ತಳದಲ್ಲಿ, ಬಾಗ್ಲ ಒಳಗಡೆ ತುಕ್ಕು ಇದ್ರೆ ಅಲ್ಲಿಗಷ್ಟೇ ಕೆಲ್ಸ ಮಾಡ್ಸಿ. ಬ್ರೇಕು, ಟೈರು, ವೈರಿಂಗು ಮಾತ್ರ ಹೊಸದೇ ಹಾಕ್ಸಿ, ಅದರಲ್ಲಿ ಹಳೇದು ಅನ್ನೋ ಪ್ರೀತಿ ಬೇಡ, ಜೀವ ಹೋಗುತ್ತೆ. ಹಿಂದೆ ಯಾರೋ ಎರಡ್ಮೂರು ಸಲ ಪೇಂಟ್ ಹೊಡ್ಸಿ ಎಲ್ಲೆಲ್ಲೂ ಪುಟ್ಟಿ ತುಂಬಿದ್ರೆ ಬೇರೆ ಮಾತು, ಆಗ ಧಾರಾಳವಾಗಿ ಹೊಡಿಸ್ರಿ. ಪೇಂಟ್ ದಪ್ಪ ಅಳೆಯೋ ಮೀಟರ್ ಇರೋರ ಹತ್ರ ಒಂದ್ಸಲ ತೋರ್ಸಿ, ಐನೂರು ಮೈಕ್ರಾನ್, ಅಂದ್ರೆ ಅರ್ಧ ಮಿಲಿಮೀಟರ್ ದಾಟಿದ ಕಡೆ ಒಳಗೆ ಪುಟ್ಟಿ ಇದೆ ಅಂತಾನೇ ಲೆಕ್ಕ.

ಬೆಲೆ ಕೇಳಿದೀರ, ಒರಿಜಿನಲ್ ಆಗಿ ಉಳಿದಿರೋದಕ್ಕೇ ಮರ್ಯಾದೆ. ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಸವೆದ ಒರಿಜಿನಲ್ ಕಾರುಗಳಿಗೆ ಅಂತಲೇ ಬೇರೆ ವಿಭಾಗ ಇದೆ. ನಮ್ಮಲ್ಲಿ 2021ರ ವಿಂಟೇಜ್ ನಿಯಮದಲ್ಲೂ 50 ವರ್ಷ ದಾಟಿದ್ರೆ ಸಾಲ್ದು, ಮೂಲ ರೂಪದಲ್ಲಿರ್ಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಯ್ಸಿರಬಾರ್ದು ಅಂತಿದೆ. ಹಾಗೆ ನೋಂದಾಯ್ಸಿದ್ರೆ ದಿನನಿತ್ಯ ಓಡ್ಸೋ ಹಾಗಿಲ್ಲ, ಅದೂ ಗೊತ್ತಿರ್ಲಿ. ಆದ್ರೆ ಅಜ್ಜನ ಕಾರನ್ನ ಮಾರೋ ಲೆಕ್ಕದಲ್ಲಿ ನೋಡ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ.

ನಾಳೆ ಬೆಳಗ್ಗೆ ಬಿಸ್ಲೇರೋ ಮುಂಚೆ ಡಿಕ್ಕಿ ಮುಚ್ಚಳದ ಒಳಭಾಗದಲ್ಲಿ ಅಂಗೈ ಅಗಲ ಪಾಲಿಶ್ ಹಾಕಿ ಬಿಳಿ ಬಟ್ಟೇಲಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಬಂತಾ, ಉಜ್ಜಿದ ಜಾಗ ಹೊಳೀತಾ ಅಂತ ಇಲ್ಲೇ ಬರೀರಿ, ಗ್ಯಾರೇಜಿಗೆ ಫೋನ್ ಮಾಡೋದು ಅದಾದ್ಮೇಲೆ ನೋಡೋಣ.