ಎಂಟು ವರ್ಷದ ಮಗುವಿಗೆ 20 ನಿಮಿಷ ಧ್ಯಾನವೇ?

ಮೂರನೇ ಕ್ಲಾಸಿನ ಮಗಳು ಹೋಂವರ್ಕಿಗೆ ಕೂತ ಐದು ನಿಮಿಷಕ್ಕೇ ಎದ್ದು ಓಡ್ತಾಳೆ, ದಿನಾ 20 ನಿಮಿಷ ಧ್ಯಾನ ಮಾಡಿಸಿದ್ರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಪ್ಪತ್ತು ನಿಮಿಷ ನಮಗೇ ಕಷ್ಟ ಮೇಡಂ! ಎರಡು-ಮೂರು ನಿಮಿಷದಿಂದ ಶುರು ಮಾಡಿ.

ನಮ್ಮನೇಲಿ ಕೆಲಸಕ್ಕೆ ಬಂದಿದ್ದು ದೇವರಮನೆ ಗಂಟೆ. ಒಂದೇ ಸಲ ಬಾರಿಸೋದು, ನಾದ ಪೂರ್ತಿ ಅಡಗಿತು ಅನ್ನಿಸಿದಾಗ ಮಗ ಕೈ ಎತ್ತಬೇಕು. ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಇಲ್ಲಾಂದ್ರೆ ಅಂಗಾತ ಮಲಗಿಸಿ, ಹೊಟ್ಟೆ ಮೇಲೆ ಗೊಂಬೆ ಇಟ್ಟು, ಉಸಿರಿಗೆ ಅದು ಏರಿ ಇಳಿಯೋದನ್ನ ನೋಡೋಕೆ ಹೇಳಿ. ನಡುವೆ ಮನಸ್ಸು ಎಲ್ಲೋ ಹೋಗುತ್ತೆ, ಹೋಗಲಿ. ಹೋಗಿದೆ ಅಂತ ಗೊತ್ತಾಗಿ ವಾಪಸ್ ಬರೋದೇ ಅಭ್ಯಾಸ, ಅಲುಗಾಡದೆ ಕೂರೋದಲ್ಲ. ಅದಕ್ಕೇ 'ನೆಟ್ಟಗೆ ಕೂತ್ಕೋ' ಅಂತ ಗದರಬೇಡಿ. ಶಿಕ್ಷೆಯಾಗಿ ಅಂತೂ ಬೇಡವೇ ಬೇಡ.

ಪವಾಡ ಆಗುತ್ತೆ ಅಂತ ನಾನು ಹೇಳಲ್ಲ. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ, ಕೆಲವರಿಗೆ ಕ್ಲಾಸಲ್ಲೇ ಇಂಥ ಧ್ಯಾನ ಕಲಿಸಿ ಉಳಿದವರಿಗೆ ಮಾಮೂಲಿ ಪಾಠ ಮಾಡಿ ನಡೆಸಿದ 'ಮಿರಿಯಡ್' ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಅವರು ಮುಖ್ಯವಾಗಿ ನೋಡಿದ್ದು ಮಾನಸಿಕ ಆರೋಗ್ಯವನ್ನ. ಧ್ಯಾನದಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ, ಮನೇಲಿ ಅಭ್ಯಾಸ ಮಾಡಿದ ಮಕ್ಕಳೂ ಕಡಿಮೆ. ನೀವೂ ಜೊತೆಗೆ ಕೂತರೆ ಮಾತ್ರ ನಡೆಯುತ್ತೆ ಅನ್ನೋದು ನನ್ನ ಅನುಭವ.

ಅದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ರಾತ್ರಿ ಕಡಿಮೆ ಅಂದ್ರೂ ಒಂಬತ್ತು ತಾಸು ನಿದ್ದೆ ಆಗ್ತಿದೆಯಾ ನೋಡಿ. ಕ್ಲಾಸಲ್ಲೂ ಹೀಗೇ ಅಂತ ಟೀಚರ್ ಹೇಳಿದ್ರೆ ಮಕ್ಕಳ ಡಾಕ್ಟರ ಹತ್ರ ಹೋಗಿ. ಬೆಂಗಳೂರಲ್ಲಾದ್ರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ.